ನೋವು ಹೋದ ಮೇಲೆ ಬಾರದ ರೋಗಿ

ಹಿರಿಯರೇ, ಕೊಳ್ಳೇಗಾಲ, ಹನೂರು, ಯಳಂದೂರುಗಳಿಂದ ಸತ್ತೇಗಾಲಕ್ಕೆ ಬಂದಿರುವ ದಂತವೈದ್ಯ ಮಿತ್ರರೇ,

ಬರ್ನ್‌ಔಟ್ ಎಂದೊಡನೆ ಅದು ಬೆಂಗಳೂರಿನ ಐಟಿಯವರ ಕಾಯಿಲೆ ಎಂದು ನಾವು ತಳ್ಳಿಹಾಕುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ವರ್ಗೀಕರಣ ಅದನ್ನು ಕಾಯಿಲೆ ಎಂದೇ ಕರೆಯುವುದಿಲ್ಲ. ವೃತ್ತಿಯ ಒತ್ತಡ ಬಹುಕಾಲ ಹಾಗೇ ಉಳಿದರೆ ಬರುವ ಸ್ಥಿತಿ ಎನ್ನುತ್ತದೆ. ಅದಕ್ಕೆ ಮೂರು ಮುಖ: ತೀರದ ದಣಿವು, ಕೆಲಸದ ಮೇಲೆ ಜಿಗುಪ್ಸೆ, ಮಾಡಿದ್ದು ಏನೂ ಪ್ರಯೋಜನಕ್ಕೆ ಬರುತ್ತಿಲ್ಲ ಎಂಬ ಭಾವನೆ. ಕುತ್ತಿಗೆ ನೋವು, ಸೊಂಟ ನೋವಿನ ಬಗ್ಗೆ ಬೇಕಾದಷ್ಟು ಗೋಷ್ಠಿಗಳಾಗಿವೆ. ಆದರೆ ಈ ಮೂರು ತಾಲ್ಲೂಕುಗಳಲ್ಲಿ ನಮ್ಮನ್ನು ಹೆಚ್ಚಾಗಿ ಸವೆಸುತ್ತಿರುವುದು ಬರ್ನ್‌ಔಟಿನ ಆ ಮೂರನೆಯ ಮುಖ ಎಂಬುದು ನನ್ನ ವಾದ.

ಐದು ವರ್ಷದ ಬಿಡಿಎಸ್ ನಮಗೆ ಕಲಿಸುವುದು ಹಲ್ಲು ಉಳಿಸುವುದನ್ನು. ಇಲ್ಲಿ ಕೈ ಮಾಡುವುದು ಹೆಚ್ಚಾಗಿ ಕೀಳುವ ಕೆಲಸ. ಹುಳುಕು ನರದವರೆಗೆ ಇಳಿದು, ರಾತ್ರಿಯೆಲ್ಲ ನಿದ್ದೆಗೆಟ್ಟ ಮೇಲೆ ರೋಗಿ ಬರುತ್ತಾರೆ. ರೂಟ್ ಕೆನಾಲ್ ಚಿಕಿತ್ಸೆಯ ಮೊದಲ ಸಿಟ್ಟಿಂಗ್‌ನಲ್ಲಿ ಹಲ್ಲು ತೆರೆದು, ಬೇರಿನ ನಾಳ ಶುಚಿ ಮಾಡಿ, ಔಷಧಿಯಿಟ್ಟು ತಾತ್ಕಾಲಿಕ ಸಿಮೆಂಟ್ ತುಂಬುತ್ತೇವೆ. ನೋವು ನಿಲ್ಲುತ್ತದೆ. ರೋಗಿಯ ಪಾಲಿಗೆ ಚಿಕಿತ್ಸೆ ಅಲ್ಲಿಗೆ ಮುಗಿಯಿತು! ತಿಂಗಳುಗಳ ಮೇಲೆ ಸಿಮೆಂಟ್ ಉದುರಿ, ಹಲ್ಲು ಸೀಳಿ, ಕೆನ್ನೆ ಊದಿಸಿಕೊಂಡು ಬಂದಾಗ ಹೇಳುವ ಮಾತು ನಿಮಗೆಲ್ಲ ಗೊತ್ತು: "ಕಿತ್ತಾಕ್ಬುಡಿ ಸಾ, ತಿರ್ಗಾ ಬರಕಾಗಲ್ಲ." ಅದರಲ್ಲಿ ಅವರ ತಪ್ಪೇನೂ ಇಲ್ಲ. ಮಾದಪ್ಪನ ಬೆಟ್ಟದ ಸುತ್ತಿನ ಹಳ್ಳಿಯಿಂದ ಕೊಳ್ಳೇಗಾಲಕ್ಕೆ ಬಂದು ಹೋದರೆ ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜು ಬೇರೆ. ಆದರೆ ಅರ್ಧಕ್ಕೆ ನಿಂತ ಕೆಲಸಗಳ ಲೆಕ್ಕ ವೈದ್ಯರ ಮನಸ್ಸಿನಲ್ಲಿ ಬೆಳೆಯುತ್ತಲೇ ಇರುತ್ತದೆ. ಹಲ್ಲು ಹೋದ ಬಡ ಹಿರಿಯರಿಗೆ ಉಚಿತವಾಗಿ ಸೆಟ್ ಕೊಡುವ ದಂತಭಾಗ್ಯ ಒಳ್ಳೆಯ ಯೋಜನೆಯೇ; ಅದು ಶುರುವಾಗುವುದು ಮಾತ್ರ ನಾವು ಸೋತ ಮೇಲೆ.

ಇದೆಲ್ಲ ದುಡ್ಡಿನ ಬೇಸರ ಎನ್ನುವವರಿದ್ದಾರೆ. ಡೆಂಟಲ್ ಕಾಲೇಜುಗಳು ಹೆಚ್ಚಾದವು, ಪೈಪೋಟಿ ಬೆಳೆಯಿತು, ಚೇರ್, ಕಂಪ್ರೆಸರ್, ಎಕ್ಸ್‌ರೇ ಯಂತ್ರದ ಸಾಲದ ಕಂತು ಕತ್ತಿನ ಮೇಲೆ ಕೂತಿದೆ ಎನ್ನುತ್ತಾರೆ. ಕಂತಿನ ಚಿಂತೆ ಸುಳ್ಳಲ್ಲ. ಆದರೆ ತಿಂಗಳ ಸಂಬಳವಿರುವ ಸರ್ಕಾರಿ ಆಸ್ಪತ್ರೆಯ ದಂತವೈದ್ಯರನ್ನೂ ಈ ಬೇಸರ ಬಿಟ್ಟಿಲ್ಲವಲ್ಲ, ಅದಕ್ಕೇನು ಹೇಳುವುದು? ಇನ್ನೊಂದು ಆಕ್ಷೇಪ ಹೆಚ್ಚು ಚುಚ್ಚುವಂಥದ್ದು: ಬಿಸಿಲಲ್ಲಿ ಕಬ್ಬು ಕಡಿಯುವವರಿಗಿಲ್ಲದ ದಣಿವು ಫ್ಯಾನಿನ ಕೆಳಗೆ ಕೂತವರಿಗೇಕೆ? ಕಷ್ಟದ ಪೈಪೋಟಿಯಲ್ಲಿ ನಾವು ಗೆಲ್ಲುವುದಿಲ್ಲ, ಗೆಲ್ಲಬೇಕಾಗಿಯೂ ಇಲ್ಲ. ಆದರೆ ಬೇಸತ್ತ ವೈದ್ಯರು ಮೊದಲು ಬಿಡುವುದು ವಿವರಿಸಿ ಹೇಳುವುದನ್ನು. "ಹೇಗೂ ತಿರುಗಿ ಬರಲ್ಲ" ಎಂದು ತಾವೇ ತೀರ್ಮಾನಿಸಿ, ಉಳಿಸಬಹುದಾದ ಹಲ್ಲಿಗೂ ಇಕ್ಕಳ ಎತ್ತುತ್ತಾರೆ. ಆಗ ಹಲ್ಲು ಕಳೆದುಕೊಳ್ಳುವವರು ಅದೇ ಕಬ್ಬು ಕಡಿಯುವವರು. ಯೋಗ, ಧ್ಯಾನ ಮಾಡಿ ಎಂಬ ಸಲಹೆಗೆ ನನ್ನ ವಿರೋಧವಿಲ್ಲ. ಬೆಳಗ್ಗೆ ಪ್ರಾಣಾಯಾಮ ಮಾಡಿದ ಮಾತ್ರಕ್ಕೆ ಹನೂರಿನ ರೋಗಿ ಎರಡನೇ ಸಿಟ್ಟಿಂಗ್‌ಗೆ ಬರುವುದಿಲ್ಲ, ಅಷ್ಟೆ.

ಆದ್ದರಿಂದ ಮದ್ದು ಬೇಕಿರುವುದು ಕೆಲಸ ನಡೆಯುವ ಕ್ರಮಕ್ಕೆ. ಒಂದೇ ಸಿಟ್ಟಿಂಗ್‌ನಲ್ಲಿ ಮುಗಿಸಬಹುದಾದ ರೂಟ್ ಕೆನಾಲನ್ನು ಅಂದೇ ಮುಗಿಸೋಣ. ಮುಗಿಯದಿದ್ದರೆ, ಮುಂದಿನ ಸರದಿಯನ್ನು ನಮ್ಮ ಡೈರಿ ನೋಡಿ ಕೊಡುವ ಬದಲು ರೋಗಿಯ ಸಂತೆಯ ದಿನ ಕೇಳಿ ಕೊಡೋಣ. ಎಲ್ಲಕ್ಕಿಂತ ಮುಖ್ಯವಾಗಿ, ಕೊಳ್ಳೇಗಾಲದಲ್ಲಿ ಶುರುವಾದ ಚಿಕಿತ್ಸೆಯನ್ನು ರೋಗಿಯ ಊರಿಗೆ ಹತ್ತಿರವಿರುವ ಹನೂರಿನ ಅಥವಾ ಯಳಂದೂರಿನ ಸಹೋದ್ಯೋಗಿ ಮುಗಿಸುವಂತಾಗಬೇಕು. ಎಕ್ಸ್‌ರೇ, ಜೊತೆಗೆ ನಾಳದ ಅಳತೆ, ಇಟ್ಟ ಔಷಧಿ ಬರೆದ ಒಂದು ಚೀಟಿ ರೋಗಿಯ ಕೈಯಲ್ಲಿದ್ದರೆ ಸಾಕು. ನಮ್ಮ ರೋಗಿ ಇನ್ನೊಬ್ಬರ ಪಾಲಾಗುತ್ತಾರೆ ಎಂಬ ಅಳುಕು ಈ ಸಭೆಯಲ್ಲಿ ಹಲವರಿಗಿದೆ, ಫೀಸು ಹೇಗೆ ಹಂಚಿಕೊಳ್ಳುವುದು ಎಂಬ ತಕರಾರೂ ಬಂದೇ ಬರುತ್ತದೆ. ಮಧ್ಯಾಹ್ನದ ಗೋಷ್ಠಿಯಲ್ಲಿ ಮೊದಲು ಇವೆರಡನ್ನೇ ಚರ್ಚೆಗೆ ಎತ್ತಿಕೊಳ್ಳಬೇಕೆಂದು ಕೋರುತ್ತೇನೆ.