ಉರಿಯುವ ಇಂಗಾಲ, ಉರಿಯಲೊಲ್ಲದ ಇಂಗಾಲ



ಶಿಕಾರಿಪುರ, ಸೊರಬದ ಕಡೆಯ ಕುಲುಮೆಯೊಂದರಲ್ಲಿ ಕಮ್ಮಾರರು ಕತ್ತಿ ಹದಮಾಡುವುದನ್ನು ನೋಡಿದ್ದರೆ ಇಂದಿನ ವಿಷಯದಲ್ಲಿ ಅರ್ಧ ನಿಮಗೆ ತಿಳಿದಂತೆಯೇ. ತಿದಿ ಒತ್ತಿದಾಗ ಇದ್ದಿಲು ನಿಗಿನಿಗಿ ಹೊಳೆಯುತ್ತದೆ. ತಿದಿ ನಿಂತರೆ ಮಂಕಾಗಿ ಬೂದಿ ಹೊದೆಯುತ್ತದೆ. ಇದ್ದಿಲು ಬಹುಪಾಲು ಇಂಗಾಲ. ಅದು ಉರಿಯಬೇಕಾದರೆ ಗಾಳಿಯಲ್ಲಿನ ಆಮ್ಲಜನಕ ಬೇಕು.

ಆಮ್ಲಜನಕ ಸಾಲದೆ ಹೋದರೆ ಕೆಂಡದಿಂದ ಇಂಗಾಲದ ಮಾನಾಕ್ಸೈಡ್ ಹೆಚ್ಚಾಗಿ ಹೊರಡುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚಾಗಿ ಇದನ್ನು ಅಪ್ಪಿಕೊಳ್ಳುತ್ತದೆ. ಚಳಿಗೆಂದು ಕೆಂಡದ ಅಗ್ಗಿಷ್ಟಿಕೆಯನ್ನು ಕೋಣೆಯೊಳಗಿಟ್ಟು, ಬಾಗಿಲು ಕಿಟಕಿ ಮುಚ್ಚಿ ಮಲಗಿದವರು ಬೆಳಗ್ಗೆ ಏಳದೆ ಹೋಗುವುದು ಇದರಿಂದಲೇ. ಹೊಗೆ ಕಾಣದಿದ್ದ ಮಾತ್ರಕ್ಕೆ ಅಪಾಯ ಇಲ್ಲವೆಂದು ತಿಳಿಯಬಾರದು.

ಇನ್ನು ಇದ್ದಿಲು ಸುಡುವ ಬಗೆ. ಸೌದೆ ಒಟ್ಟಿ, ಮೇಲೆ ಸೊಪ್ಪು, ಮಣ್ಣು ಮುಚ್ಚಿ, ಗಾಳಿ ಹೆಚ್ಚು ಹೋಗದಂತೆ ಬೇಯಿಸುತ್ತಾರೆ. ನೀರು, ಅನಿಲ, ಟಾರು ಹೊರಟುಹೋಗಿ ಇಂಗಾಲ ಉಳಿಯುತ್ತದೆ. ಅಮೆರಿಕದ ಎಡಿಸನ್ 1879ರಲ್ಲಿ ಹತ್ತಿಯ ದಾರವನ್ನೂ ಮರುವರ್ಷ ಬಿದಿರಿನ ಸೀಳನ್ನೂ ಹೀಗೆ ಕರಿಮಾಡಿ, ಗಾಳಿ ತೆಗೆದ ಗಾಜಿನ ಬುರುಡೆಯಲ್ಲಿಟ್ಟು ವಿದ್ಯುತ್ತು ಹರಿಸಿದ. ಬಿದಿರಿನ ಎಳೆ ಸಾವಿರ ಗಂಟೆಗೂ ಮಿಕ್ಕಿ ಬೆಳಗಿತು. ಅದೇ ಎಳೆ ಹೊರಗಿನ ಗಾಳಿಯಲ್ಲಿದ್ದರೆ ಒಂದೆರಡು ಕ್ಷಣದಲ್ಲಿ ಸುಟ್ಟುಹೋಗುತ್ತಿತ್ತು. ಅವನಿಗೆ ಒಪ್ಪಿಗೆಯಾದದ್ದು ಜಪಾನಿನ ಬಿದಿರು. ನಮ್ಮ ಮಲೆನಾಡಿನದನ್ನು ಯಾರೂ ತೋರಿಸಲಿಲ್ಲವೇನೋ!

ಇಂದಿನ ಕಾರ್ಬನ್ ಫೈಬರ್, ಅಂದರೆ ಇಂಗಾಲದ ಎಳೆ, ಇದೇ ವಂಶದ್ದು. ಪಾಲಿಅಕ್ರಿಲೋನೈಟ್ರೈಲ್ ಎಂಬ ಕೃತಕ ನೂಲನ್ನು ಮೊದಲು ಗಾಳಿಯಲ್ಲಿ 200ರಿಂದ 300 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ಬಳಿಕ ಸಾರಜನಕ ತುಂಬಿದ ಕುಲುಮೆಯಲ್ಲಿ 1,000 ಡಿಗ್ರಿಗೂ ಮೇಲೆ ಸುಡುತ್ತಾರೆ. ಸಿದ್ಧವಾದ ಎಳೆಯ ದಪ್ಪ 5ರಿಂದ 10 ಮೈಕ್ರಾನ್. ತಲೆಗೂದಲಿಗಿಂತ ಎಷ್ಟೋ ಸಣ್ಣದು. ಉಕ್ಕಿನ ಕಾಲು ಭಾಗದಷ್ಟೂ ತೂಗದು. ಆದರೂ ಉದ್ದಕ್ಕೆ ಎಳೆದರೆ ಉಕ್ಕನ್ನು ಮೀರಿಸುತ್ತದೆ. ಬೆಂಗಳೂರಿನಲ್ಲಿ 2001ರ ಜನವರಿ 4ರಂದು ಮೊದಲ ಸಲ ಹಾರಿದ ತೇಜಸ್ ಯುದ್ಧವಿಮಾನದ ರೆಕ್ಕೆಯ ಹೊದಿಕೆ ಇದರದೇ.

ಇಂಗಾಲದ ವಿಮಾನ ಇದ್ದಿಲಿನಂತೆ ಉರಿದುಹೋಗದೆ? ಇದ್ದಿಲಿನ ಮೈಯೆಲ್ಲ ರಂಧ್ರ. ಗಾಳಿ ಒಳಹೊಕ್ಕು ಎಲ್ಲೆಡೆ ತಾಗುತ್ತದೆ. ಎಳೆಯಲ್ಲಿ ಇಂಗಾಲದ ಪದರಗಳು ಒತ್ತಾಗಿ ಜೋಡಣೆಯಾಗಿರುತ್ತವೆ. ಅದು ಸುಲಭವಾಗಿ ಹೊತ್ತಿಕೊಳ್ಳದು. ಆದರೆ ಎಳೆಗಳನ್ನು ಹಿಡಿದಿಡಲು ಎಪಾಕ್ಸಿ ಎಂಬ ಕೃತಕ ರಾಳ ಬೇಕು. ಮೊದಲು ಉರಿಯುವುದು ಈ ರಾಳ. 2024ರ ಜನವರಿ 2ರಂದು ಟೋಕಿಯೋದ ಹನೇಡ ನಿಲ್ದಾಣದಲ್ಲಿ ಇಳಿಯುತ್ತಿದ್ದ ಏರ್‌ಬಸ್ ಎ-350 ಇನ್ನೊಂದು ವಿಮಾನಕ್ಕೆ ಡಿಕ್ಕಿ ಹೊಡೆದು ಹೊತ್ತಿಕೊಂಡಿತು. ಅದರ ಒಡಲು ಮುಖ್ಯವಾಗಿ ಇಂಗಾಲದ ಎಳೆಯದು. ಒಳಗಿದ್ದ 379 ಮಂದಿಯೂ ಜೀವಸಹಿತ ಹೊರಬಂದರು. ಬೆಂಕಿ ಮಾತ್ರ ಗಂಟೆಗಟ್ಟಲೆ ಆರಲಿಲ್ಲ. ಇನ್ನೊಂದು ವಿಮಾನದಲ್ಲಿದ್ದ ಆರು ಮಂದಿಯಲ್ಲಿ ಐವರು ತೀರಿಕೊಂಡರು.

ಇಂಥ ಬೆಂಕಿ ಆರಿದ ಮೇಲೂ ಅಲ್ಲಿ ದುಡಿಯುವವರು ಮುಖವಾಡ, ಕೈಗವಸು ಹಾಕಿಕೊಳ್ಳುತ್ತಾರೆ. ರಾಳ ಸುಟ್ಟು ಬಿಡುಗಡೆಯಾದ ಎಳೆಯ ಚೂರು ಚರ್ಮಕ್ಕೆ ಚುಚ್ಚುತ್ತದೆ, ಉಸಿರಿನೊಂದಿಗೆ ಒಳಹೋಗುತ್ತದೆ; ವಿದ್ಯುದ್ವಾಹಕವಾದ್ದರಿಂದ ಯಂತ್ರಗಳ ತಂತಿಗೆ ಬಿದ್ದರೆ ಶಾರ್ಟ್ ಆಗಬಹುದು. ನಿಮ್ಮಲ್ಲಿ ಹಲವರ ಷಟ್ಲ್ ಬ್ಯಾಟಿನಲ್ಲೂ ಇದೇ ಎಳೆ ಇದೆ. ಅದು ಮುರಿದಾಗ ಹಂಡೆಯ ಒಲೆಗೆ ಹಾಕಬೇಡಿ. ಗರಗಸದಿಂದ ಕೊಯ್ದು ಧೂಳೆಬ್ಬಿಸಲೂ ಬೇಡಿ.