ಕೋಡ್ ಓದೋದು ಕಲಿಯೋಣ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಬರಹರೂಪ)



ಉದ್ಯೋಗದ ಬಗ್ಗೆ ಮಾತಾಡು ಅಂತ ಹೇಳಿದ್ದಾರೆ. ನನಗೆ ಗೊತ್ತಿರೋದು ಗಾಡಿ ಕೆಲಸ, ಅದನ್ನೇ ಮಾತಾಡ್ತೀನಿ. ನಮ್ಮ ಓಬಳಾಪುರದ ಹೆಸರು ದೇಶಕ್ಕೆಲ್ಲ ಗೊತ್ತಾಗಿದ್ದು ಕಬ್ಬಿಣದ ಅದಿರಿನಿಂದ. ಗಣಿ ಜೋರಾಗಿದ್ದಾಗ ಹಿಟಾಚಿ, ಟಿಪ್ಪರ್, ಲೋಡರ್ ಈ ಗುಡ್ಡಗಳಲ್ಲಿ ಹಗಲು ರಾತ್ರಿ ಓಡಿದವು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಾರಿಕೆ ನಿಲ್ಲಿಸಿತು, ನಮ್ಮ ಕಡೆಯ ಗಣಿ ಕೇಸು ಸಿಬಿಐ ಕೋರ್ಟಿಗೆ ಹೋಯ್ತು. ಗಣಿ ನಿಂತರೂ ಗಾಡಿ ಕೆಲಸ ನಿಲ್ಲಲಿಲ್ಲ. ರಸ್ತೆ, ಕಾಲುವೆ, ಗಾಳಿ ಯಂತ್ರದ ತಳಪಾಯ, ಕ್ವಾರಿ, ಎಲ್ಲದಕ್ಕೂ ಜೆಸಿಬಿ ಬೇಕು, ಹಿಟಾಚಿ ಬೇಕು.

ಆ ಗಾಡಿ ಹತ್ರ ನಮ್ಮ ಹುಡುಗರು ಎಲ್ಲಿದ್ದಾರೆ ನೋಡಿ. ಗ್ರೀಸ್ ಹೊಡೆಯೋಕೆ ನಮ್ಮವರು, ಬಕೆಟ್ ಪಿನ್ ಬಡಿಯೋಕೆ ನಮ್ಮವರು. ಲ್ಯಾಪ್‌ಟಾಪ್ ಹಿಡಿದು ಬರೋನು ಬೇರೆಯವನು. ಗಾಡಿ ನಿಂತ ದಿನ ಹೆಲ್ಪರ್‌ಗೆ ಕೂಲಿ ಇಲ್ಲ. ಕೆಟ್ಟಿದ್ದು ಯಾಕೆ ಅಂತ ಯಾರಿಗೂ ಗೊತ್ತಾಗದಿದ್ದರೆ ತಪ್ಪೆಲ್ಲ ಆಪರೇಟರ್ ತಲೆ ಮೇಲೆ. ಅದಕ್ಕೇ ಇವತ್ತಿನ ಮಾತು: ಸೆನ್ಸರ್ ಫಾಲ್ಟ್ ಹುಡುಕೋದು ಹೇಗೆ.

ಮೊದಲು ಇದು ಯಾಕೆ ಬಂತು ಅಂತ ತಿಳಿಯೋಣ. ಟಿಪ್ಪರ್, ಲಾರಿಗಳಿಗೆ 2020ರ ಏಪ್ರಿಲ್ 1ರಿಂದ ಬಿಎಸ್ 6 ಬಂತು. ಜೆಸಿಬಿಯಂಥ ಟೈರ್ ಇರೋ ಯಂತ್ರಗಳಿಗೆ 2021ರ ಏಪ್ರಿಲ್‌ನಿಂದ ಸಿಇವಿ 4, 2025ರ ಜನವರಿಯಿಂದ ಸಿಇವಿ 5. ಹೊಗೆ ಕಡಿಮೆ ಮಾಡೋಕೆ ಸೈಲೆನ್ಸರ್ ಜಾಗದಲ್ಲಿ ಈಗ ಎರಡು ಕೆಲಸ ನಡೀತಾವೆ. ಡಿಪಿಎಫ್ ಅನ್ನೋ ಫಿಲ್ಟರ್ ಮಸಿ ಹಿಡಿದು, ಬಿಸಿಯಲ್ಲಿ ಸುಡುತ್ತೆ. ಎಸ್‌ಸಿಆರ್‌ನಲ್ಲಿ ಯೂರಿಯಾ ನೀರು, ಅಂದ್ರೆ ಡಿಇಎಫ್, ಸಿಂಪಡಿಸಿ ನಾಕ್ಸ್ ಅನ್ನೋ ವಿಷಗಾಳಿ ಮುರೀತಾರೆ. ಎಲ್ಲಾ ಗಾಡಿಯಲ್ಲೂ ಎರಡೂ ಇರಲ್ಲ. ನಿಮ್ಮ ಗಾಡಿಯಲ್ಲಿ ಏನಿದೆ ಅಂತ ಮೊದಲು ನೋಡ್ಕೊಳ್ಳಿ. ಇವನ್ನ ಕಾಯೋಕೆ ಸೆನ್ಸರ್‌ಗಳಿವೆ: ಫಿಲ್ಟರ್ ಹಿಂದೆ ಮುಂದೆ ಒತ್ತಡ ಅಳೆಯೋದು, ಹೊಗೆಯ ಬಿಸಿ ಅಳೆಯೋದು, ನಾಕ್ಸ್ ಅಳೆಯೋದು, ಡಿಇಎಫ್ ಮಟ್ಟ ಮತ್ತು ಗುಣ ನೋಡೋದು. ಇವುಗಳಲ್ಲಿ ಒಂದು ತಪ್ಪು ಹೇಳಿದರೂ ಇಸಿಎಂ ಲೈಟ್ ಹಾಕುತ್ತೆ, ಸರಿ ಮಾಡದಿದ್ದರೆ ಪಿಕಪ್ ಕಡಿಮೆ ಮಾಡುತ್ತೆ.

ಲೈಟ್ ಬಂದ ತಕ್ಷಣ ಸೆನ್ಸರ್ ಬದಲಾಯಿಸೋದು ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಒಂದು ನಾಕ್ಸ್ ಸೆನ್ಸರ್‌ಗೆ ಹತ್ತಾರು ಸಾವಿರ ಆಗುತ್ತೆ. ಮೊದಲು ಕೋಡ್ ಬರ್ಕೊಳ್ಳಿ. ಅದರಲ್ಲಿ ಎರಡು ನಂಬರ್ ಇರುತ್ತೆ. ಎಸ್‌ಪಿಎನ್ ಅಂದ್ರೆ ಯಾವ ಜಾಗ, ಎಫ್‌ಎಂಐ ಅಂದ್ರೆ ಏನಾಗಿದೆ. 3251 ಫಿಲ್ಟರ್ ಒತ್ತಡ, 3216 ಮುಂದಿನ ನಾಕ್ಸ್, 3226 ಹಿಂದಿನ ನಾಕ್ಸ್, 1761 ಡಿಇಎಫ್ ಮಟ್ಟ, 3364 ಡಿಇಎಫ್ ಗುಣ. ಎಫ್‌ಎಂಐ 3 ಅಂದ್ರೆ ವೋಲ್ಟೇಜ್ ಜಾಸ್ತಿ, 4 ಅಂದ್ರೆ ಕಡಿಮೆ, 5 ಅಂದ್ರೆ ಕರೆಂಟ್ ಹರೀತಿಲ್ಲ, ವೈರ್ ಕಟ್ ಆಗಿರಬಹುದು. 9 ಅಂದ್ರೆ ಆ ಸೆನ್ಸರ್‌ನಿಂದ ಸುದ್ದಿ ಸರಿಯಾಗಿ ಬರ್ತಿಲ್ಲ. 3, 4, 5 ಬಂದ್ರೆ ಸೆನ್ಸರ್‌ಗಿಂತ ಮೊದಲು ವೈರಿಂಗ್ ನೋಡಬೇಕು.

ಈಗ ಒಂದು ಲೆಕ್ಕ ಹಾಕೋಣ. 3216, 3226 ಎರಡಕ್ಕೂ ಒಂದೇ ಸಲ 9 ಬಂದಿದೆ. ಎರಡು ಸೆನ್ಸರ್ ಒಂದೇ ಗಳಿಗೆಯಲ್ಲಿ ಸಾಯೋದು ಅಪರೂಪ. ಹಾಗಾದ್ರೆ ಎರಡಕ್ಕೂ ಒಟ್ಟಿಗೆ ಇರೋದು ಏನು? ಫ್ಯೂಸ್, ಅರ್ಥ್, ಕ್ಯಾನ್ ವೈರ್. ಮೊದಲು ಫ್ಯೂಸ್. ಆಮೇಲೆ ಕನೆಕ್ಟರ್ ಬಿಚ್ಚಿ ಕರೆಂಟ್ ಬರ್ತಿದೆಯಾ, ಅರ್ಥ್ ಗಟ್ಟಿಯಾಗಿದೆಯಾ ನೋಡಿ. ಕನೆಕ್ಟರ್ ವಾಪಸ್ ಹಾಕಿ, ಬ್ಯಾಟರಿ ಆಫ್ ಮಾಡಿ, ಎರಡು ಕ್ಯಾನ್ ವೈರ್ ನಡುವೆ ಮಲ್ಟಿಮೀಟರ್ ಇಡಿ. ಸುಮಾರು 60 ಓಮ್ ಬರಬೇಕು. 120 ಬಂದ್ರೆ ಒಂದು ಕೊನೆ ರೆಸಿಸ್ಟರ್ ತಪ್ಪಿದೆ ಇಲ್ಲಾ ವೈರ್ ಕಟ್ ಆಗಿದೆ. ಸೊನ್ನೆ ಹತ್ರ ಬಂದ್ರೆ ವೈರ್ ಒಂದಕ್ಕೊಂದು ತಗುಲಿದೆ. ಇಲಿ ಕಡಿದಿದ್ದು, ಪ್ರೆಷರ್ ವಾಟರ್‌ನಲ್ಲಿ ತೊಳೆದು ಕನೆಕ್ಟರ್‌ಗೆ ನೀರು ಹೋಗಿದ್ದು, ಇವೇ ಹೆಚ್ಚು.

ಬಿಸಿ ಸೆನ್ಸರ್‌ಗೆ ಖರ್ಚಿಲ್ಲದ ಪರೀಕ್ಷೆ ಇದೆ. ಬೆಳಗ್ಗೆ ಸ್ಟಾರ್ಟ್ ಮಾಡೋ ಮೊದಲು ಸ್ಕ್ಯಾನರ್‌ನಲ್ಲಿ ಎಲ್ಲಾ ಬಿಸಿ ಸೆನ್ಸರ್ ಓದಿ. ರಾತ್ರಿಯಿಡೀ ತಣ್ಣಗೆ ನಿಂತ ಗಾಡಿಯಲ್ಲಿ ಎಲ್ಲಾ ಹೆಚ್ಚುಕಡಿಮೆ ಒಂದೇ ತೋರಿಸಬೇಕು. ಒಂದು ಮಾತ್ರ ಬೇರೆ ಹೇಳಿದರೆ ಅದರ ಮೇಲೇ ಅನುಮಾನ. ಒತ್ತಡ ಸೆನ್ಸರ್ ಇಂಜಿನ್ ಆಫ್ ಇದ್ದಾಗ ಸೊನ್ನೆ ತೋರಿಸಬೇಕು. ಇಂಜಿನ್ ಎತ್ತಿದರೂ ಸೊನ್ನೆಯೇ ಇದ್ದರೆ ಅದರ ಎರಡು ಪೈಪ್ ನೋಡಿ: ಬಿಚ್ಚಿಹೋಗಿರುತ್ತೆ, ಸೀಳಿರುತ್ತೆ, ಇಲ್ಲಾ ಮಸಿ ಕಟ್ಟಿರುತ್ತೆ.

ನಾಕ್ಸ್ ಜಾಸ್ತಿ ಅಂತ ಕೋಡ್ ಬಂದ್ರೆ ಸೆನ್ಸರ್ ಸುಳ್ಳು ಹೇಳ್ತಿದೆ ಅಂತಲೇ ಅಲ್ಲ, ನಿಜವನ್ನೇ ಹೇಳ್ತಿರಬಹುದು. ಡಿಇಎಫ್‌ನಲ್ಲಿ ಯೂರಿಯಾ 32.5 ಭಾಗ ಇರಬೇಕು. ರಿಫ್ರಾಕ್ಟೋಮೀಟರ್‌ನಲ್ಲಿ ಒಂದು ಹನಿ ಹಾಕಿ ನೋಡಿದರೆ ನೀರು ಬೆರೆಸಿದ್ದು ಗೊತ್ತಾಗುತ್ತೆ. ಸಿಂಪಡಿಸೋ ಇಂಜೆಕ್ಟರ್ ಬಾಯಲ್ಲಿ ಬಿಳಿ ಉಪ್ಪಿನ ಥರ ಕಟ್ಟಿದೆಯಾ ನೋಡಿ. ಹೊಗೆ ಪೈಪ್ ಲೀಕ್ ಆಗಿ ಹೊರಗಿನ ಗಾಳಿ ಸೇರಿದರೂ ಲೆಕ್ಕ ತಪ್ಪುತ್ತೆ. ಇನ್ನೊಂದು ಮಾತು, ಸ್ಟಾರ್ಟ್ ಆದ ತಕ್ಷಣ ನಾಕ್ಸ್ ಸೆನ್ಸರ್ ಅಳೆಯಲ್ಲ. ಹೊಗೆ ಬಿಸಿಯಾಗಿ ಪೈಪಿನ ತೇವ ಆರೋವರೆಗೂ ಕಾಯುತ್ತೆ, ಯಾಕಂದ್ರೆ ಕಾದ ಸೆನ್ಸರ್‌ಗೆ ನೀರು ತಾಗಿದರೆ ಒಳಗಿನ ಸೆರಾಮಿಕ್ ಒಡೆಯುತ್ತೆ. ಅದಕ್ಕೆ ತಣ್ಣನೆ ಗಾಡಿಯಲ್ಲಿ ರೀಡಿಂಗ್ ಬರಲಿಲ್ಲ ಅಂತ ಬಿಚ್ಚಬೇಡಿ.

ಆಪರೇಟರ್, ಹೆಲ್ಪರ್ ತಮ್ಮಂದಿರು ಮೂರು ವಿಷಯ ಇವತ್ತಿನಿಂದಲೇ ಮಾಡಬಹುದು. ಕೀ ಆಫ್ ಮಾಡಿದ ತಕ್ಷಣ ಬ್ಯಾಟರಿ ಸ್ವಿಚ್ ಕಟ್ ಮಾಡಬೇಡಿ. ಡಿಇಎಫ್ ಪಂಪ್ ಲೈನಲ್ಲಿರೋದನ್ನ ಟ್ಯಾಂಕಿಗೆ ಎಳ್ಕೊಳ್ಳೋಕೆ ಒಂದೆರಡು ನಿಮಿಷ ಬೇಕು. ಬಕೆಟ್‌ಗೆ ವೆಲ್ಡಿಂಗ್ ಮಾಡೋ ಮೊದಲು ಬ್ಯಾಟರಿ ಬಿಚ್ಚಿ, ಇಸಿಎಂ ಕನೆಕ್ಟರ್ ತೆಗೀರಿ. ಡಿಇಎಫ್ ಕ್ಯಾನ್ ಬಿಸಿಲಲ್ಲಿ ಇಡಬೇಡಿ, ನಮ್ಮ ಬಿಸಿಲಿಗೆ ಅದು ಬೇಗ ಕೆಡುತ್ತೆ.

ಕೆಲವರು ಸೆನ್ಸರೇ ಕಿತ್ತುಹಾಕಿ, ಸುಳ್ಳು ಸಿಗ್ನಲ್ ಕೊಡೋ ಡಬ್ಬಿ ಹಾಕ್ತೀವಿ ಅಂತಾರೆ. ಶೀತ ಆಯ್ತು ಅಂತ ಮೂಗು ಕೊಯ್ಕೊಂಡ ಹಾಗೆ ಅದು. ಕಾನೂನು ಒಪ್ಪಲ್ಲ. ಅದಕ್ಕಿಂತ ದೊಡ್ಡದು, ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲೇ ಹೇಳಿದೆ. ಗಾಡಿ ಮಾಲೀಕ ಆ ಹೊಗೆ ಕುಡಿಯಲ್ಲ. ಗಾಡಿ ಹಿಂದೆ ನಿಂತು ಸೈಡ್ ಹೇಳೋ ನಮ್ಮ ಹುಡುಗ ಕುಡೀತಾನೆ. ಆ ಫಿಲ್ಟರ್, ಆ ಸೆನ್ಸರ್ ಇರೋದು ಅವನ ಎದೆ ಕಾಪಾಡೋಕೆ.

ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡ್ಕೊಂಡರು. 1943ರಲ್ಲಿ ಧನ್ಬಾದ್ ಕಡೆಯ ಕಲ್ಲಿದ್ದಲು ಗಣಿಗೆ ತಾವೇ ಹೋಗಿ ಕಾರ್ಮಿಕರ ಪಾಡು ಕಣ್ಣಾರೆ ನೋಡಿದರು. ಅವರ ಫೋಟೋಗೆ ಹಾರ ಹಾಕೋ ನಾವು ಗಣಿ ಹತ್ತಿರದ ಊರಲ್ಲಿದ್ದು ಬರೀ ಕೂಲಿಯಾಗೇ ಉಳಿದರೆ ಆ ಹಾರಕ್ಕೆ ಅರ್ಥ ಇಲ್ಲ.

ಸಂಘಕ್ಕೆ ನನ್ನ ಬೇಡಿಕೆ ಇಷ್ಟೇ. ಒಂದು ಒಳ್ಳೆ ಮಲ್ಟಿಮೀಟರ್, ಒಂದು ರಿಫ್ರಾಕ್ಟೋಮೀಟರ್ ಕೊಳ್ಳೋಣ. ಒಂದು ರಿಜಿಸ್ಟರ್ ಇಡೋಣ: ಯಾವ ಗಾಡಿ, ಯಾವ ಕೋಡ್, ಏನು ಸಿಕ್ಕಿತು, ಹೇಗೆ ಸರಿ ಆಯ್ತು, ಕನ್ನಡದಲ್ಲೂ ತೆಲುಗಿನಲ್ಲೂ ಬರೆಯೋಣ. ಮ್ಯಾನ್ಯುಯಲ್ ಇಂಗ್ಲಿಷಲ್ಲಿದೆ ಅಂತ ಯಾರೂ ಹಿಂದೆ ಉಳಿಯಬಾರದು. ಹತ್ತನೇ ಕ್ಲಾಸ್ ಪಾಸಾದವರು ಐಟಿಐನಲ್ಲಿ ಡೀಸೆಲ್ ಮೆಕ್ಯಾನಿಕ್ ಸೇರಿ, ಹೆಣ್ಣುಮಕ್ಕಳೂ ಸೇರಿ. ಮಲ್ಟಿಮೀಟರ್ ಹಿಡಿಯೋಕೆ ತೋಳ್ಬಲ ಬೇಡ, ತಾಳ್ಮೆ ಬೇಕು.

ಭಾನುವಾರ ಸಂಜೆ ಸಂಘದ ಕಟ್ಟೆ ಹತ್ರ ಬನ್ನಿ, ಹಳೇ ವೈರಿಂಗ್ ಒಂದು ತರ್ತೀನಿ, ಅದರ ಮೇಲೇ ಶುರು ಮಾಡೋಣ. ಜೈ ಭೀಮ್.