ವಿದ್ಯಾರ್ಥಿಗಳಿಗೆ ಬಾಡಿಗೆ ಖೋಲಿ: ಕಟ್ಟುವ ಮುಂಚೆ ಒಂದು ಲೆಕ್ಕ

(ರಜತ ಮಹೋತ್ಸವದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



1905ರಲ್ಲಿ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ರೈತನ ಕಷ್ಟಕ್ಕೆ ರೈತರೇ ಆಗಬೇಕೆಂಬುದು ಅದರ ತಿರುಳು. ಇಂದು ಹೊಲ ಒತ್ತೆ ಇಟ್ಟು ಬಾಡಿಗೆ ಖೋಲಿ ಕಟ್ಟುವ ಮಾತು ನಮ್ಮೂರ ಕಟ್ಟೆಯ ಮೇಲೆ ನಡೆದಿದೆ. ಆದ್ದರಿಂದ ಎರಡು ಮಾತು ಹೇಳಬಯಸುತ್ತೇವೆ.

ಧಾರವಾಡಕ್ಕೆ ಓದಲು ಬರುವವರು ಹೊಸಬರಲ್ಲ. 1950ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಇಲ್ಲಿಗೆ ಬಂತು. 1986ರಲ್ಲಿ ಕೃಷಿ ವಿಶ್ವವಿದ್ಯಾಲಯವೂ ಆಯಿತು. "ನಾಕು ಖೋಲಿ ಕಟ್ಟಿದ್ರ ಸಾಕು, ತಿಂಗಳಾ ರೊಕ್ಕ ಮನಿಗೆ ಬರ್ತೈತಿ" ಎನ್ನುತ್ತಾರೆ. ಬರುತ್ತದೆ, ನಿಜ. ಆದರೆ ಹನ್ನೆರಡೂ ತಿಂಗಳು ಬಂದೇ ಬರುತ್ತದೆಂದು ನಂಬಬಾರದು.

ಉದಾಹರಣೆಗೆ, ನಾಲ್ಕು ಖೋಲಿ, ಒಂದಕ್ಕೆ ತಿಂಗಳಿಗೆ 3,000 ರೂಪಾಯಿ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 1,44,000 ಆಯಿತು. ಪರೀಕ್ಷೆ ಮುಗಿದು ಹುಡುಗರು ಊರಿಗೆ ಹೋದ ಎರಡು ತಿಂಗಳು ಬಿಟ್ಟರೆ ಉಳಿಯುವುದು 1,20,000. ಸಾಲದ ಕಂತು ತಿಂಗಳಿಗೆ 12,000 ಇದ್ದರೆ 24,000 ಕೈಯಿಂದ ಹಾಕಬೇಕು. ಸುಣ್ಣ-ಬಣ್ಣ, ನೀರು, ಮನೆಪಟ್ಟಿ ಬೇರೆ. 2020ರಲ್ಲಿ ಕರೋನಾ ಬಂದು ಕಾಲೇಜುಗಳು ಮುಚ್ಚಿದಾಗ ಖೋಲಿ ಖಾಲಿಯಾದವು. ಸಾಲದ ಮೇಲಿನ ಬಡ್ಡಿ ಮಾತ್ರ ಏರುತ್ತಲೇ ಇತ್ತು.

ಹೊಸ ವಿದ್ಯಾಸಂಸ್ಥೆ ಬಂದ ಕೂಡಲೇ ಬಾಡಿಗೆದಾರರು ಬರುತ್ತಾರೆಂದೂ ತಿಳಿಯಬಾರದು. 2016ರಲ್ಲಿ ಐಐಟಿ ಧಾರವಾಡಕ್ಕೆ ಬಂತು. ಅಲ್ಲಿ ಹುಡುಗರಿಗೆ ಒಳಗೇ ಹಾಸ್ಟೆಲ್ ಇದೆ. ಹೊರಗೆ ಖೋಲಿ ಹುಡುಕುವವರು ಎಷ್ಟು ಮಂದಿ ಎಂದು ಮೊದಲು ವಿಚಾರಿಸಿರಿ.

ಹಾಗಾದ್ರ ಕಟ್ಟಬಾರದೇನು? ಕಟ್ರಿ. ಆದರೆ ಹತ್ತು ತಿಂಗಳ ಬಾಡಿಗೆಯಲ್ಲಿ ಖರ್ಚು ಕಳೆದು ವರ್ಷದ ಕಂತು ತೀರುವಂತಿರಲಿ. ಅರ್ಧದಷ್ಟಾದರೂ ಸ್ವಂತ ಉಳಿತಾಯ ಇರಲಿ. ಒಮ್ಮೆಲೇ ನಾಲ್ಕರ ಬದಲು ಎರಡು ಖೋಲಿಯಿಂದ ಸುರು ಮಾಡಿರಿ. ಹೊಲದಾಗ ಕಟ್ಟೋದಾದ್ರ ಮೊದಲು ಎನ್.ಎ. ಮಾಡಿಸಿರಿ. ಹನ್ನೊಂದು ತಿಂಗಳ ಕರಾರನ್ನು ಕಾಗದದ ಮೇಲೆ ಬರೆಸಿರಿ. ಠೇವಣಿ ಹುಡುಗರ ರೊಕ್ಕ. ಅದನ್ನು ಖರ್ಚು ಮಾಡದೆ ಸಂಘದಲ್ಲಿಡಿರಿ, ಬಿಟ್ಟು ಹೋಗುವಾಗ ತಕರಾರಿಲ್ಲದೆ ಕೊಡಿರಿ.

ಖೋಲಿಗೆ ಬರುವವರೂ ನಮ್ಮಂಥ ರೈತರ ಮಕ್ಕಳೇ. ನೀರು, ಬೆಳಕು, ಪಾಯಖಾನೆ ಸರಿಯಿದ್ದರೆ ಒಬ್ಬ ಹೋಗುವಾಗ ಇನ್ನೊಬ್ಬನನ್ನು ತಾನೇ ಕರೆತರುತ್ತಾನೆ.

ಸಾಲ ಕೊಡುವ ಮುನ್ನ ನಮ್ಮ ಸಂಘ ಈ ಲೆಕ್ಕ ಕೇಳಲಿ, ಸದಸ್ಯರೂ ಬೇಸರಿಸದೆ ಕೊಡಲಿ ಎಂದು ವಿನಂತಿಸಿ ನಮ್ಮ ಮಾತು ಮುಗಿಸುತ್ತೇವೆ. ಜೈ ಸಹಕಾರ.